ಬೆರಳಿಗೆ ಸಿಕ್ಕ ಗೀರು

ಹ್ಯಾಮ್ಲಿನ್ ಕ್ರೀಕ್, ಮೊಂಟಾನಾ
ಆಗಸ್ಟ್ 11, 2019

ಪ್ರೀತಿಯ ಡೆಲ್ಬರ್ಟ್,

ಹೇಗಿದ್ದೀಯೋ? ಅರಿಜೋನಾದ ಬಿಸಿಲು ನಿನ್ನ ಮಂಡಿನೋವಿಗೆ ಒಗ್ಗಿದೆ ಅಂತ ಬರೆದಿದ್ದೆಯಲ್ಲ, ಓದಿ ಹೊಟ್ಟೆಕಿಚ್ಚಾಯಿತು. ನಿನ್ನ ಪತ್ರಗಳೆಲ್ಲ ತಲುಪಿವೆ. ಚಳಿಗಾಲ ಕಳೆದು ಬೇಸಿಗೆಯೂ ಮುಗಿಯುತ್ತ ಬಂದರೂ ಒಂದಕ್ಕೂ ಉತ್ತರ ಬರೆಯಲಿಲ್ಲ, ಬೈದುಕೋ. ಬರೆಯಲು ಕೂತರೆ ಗರ್ತ್‌ನ ವಿಷಯವೇ ಬರೆಯಬೇಕಾಗುತ್ತಿತ್ತು. ಜೂನ್‌ನಲ್ಲಿ ನೀನು ಫೋನ್ ಮಾಡಿದಾಗ ಮಾರ್ಲಿಸ್ "ಅವನು ಸಿಕ್ಕಿದ" ಅಂತಷ್ಟೇ ಹೇಳಿ ಇಟ್ಟಳು. ನಾನು ಪಕ್ಕದಲ್ಲೇ ಇದ್ದೆ, ಕೈ ಚಾಚಿ ಫೋನ್ ತೆಗೆದುಕೊಳ್ಳುವುದಕ್ಕೆ ಆಗಲಿಲ್ಲ.

ಇವತ್ತು ಮಾರ್ಲಿಸ್ ಚರ್ಚಿಗೆ ಹೋಗಿದ್ದಾಳೆ. ಮೊದಲಿಂದ ಹೇಳುತ್ತೇನೆ ಕೇಳು.

ಮಗ ಗರ್ತ್ ಬೇಟೆಗೆ ಹೋದವನು ಹಿಂದಿರುಗದೆ ಏಳು ವರ್ಷ. ಈ ಏಳು ವರ್ಷ ನಮ್ಮ ಮನೆ ಹೇಗಿತ್ತು ಅಂತ ನಿನಗೆ ಪೂರ್ತಿ ಗೊತ್ತಿಲ್ಲ. ಮಾರ್ಲಿಸ್‌ಗೆ ಅವನಷ್ಟು ಎತ್ತರದ ಯಾವ ಗಂಡಸಿನ ಬೆನ್ನು ಕಂಡರೂ ಸಾಕು, ಹಿಂದೆ ಹೋಗುತ್ತಿದ್ದಳು. ಒಮ್ಮೆ ಮಿಸ್ಸೌಲಾದ ಅಂಗಡಿಯಲ್ಲಿ ತುಂಬಿದ ತಳ್ಳುಗಾಡಿಯನ್ನು ಅಲ್ಲೇ ಬಿಟ್ಟು ಒಬ್ಬನ ಹಿಂದೆ ಪಾರ್ಕಿಂಗ್‌ವರೆಗೆ ನಡೆದುಬಿಟ್ಟಳು. ಅವನು ತಿರುಗಿ ನೋಡಿದ. "ಏನಮ್ಮಾ?" ಅಂದ. "ಏನಿಲ್ಲ, ನಿನ್ನ ಷೂ ದಾರ ಬಿಚ್ಚಿದೆ" ಅಂದಳಂತೆ. ಬಿಚ್ಚಿರಲಿಲ್ಲ. ನಾನೂ ಕಡಿಮೆಯೇನಲ್ಲ. ಗಾಳಿಗೆ ಗ್ಯಾರೇಜಿನ ಬಾಗಿಲು ಬಡಿದರೆ ಕೈಯ ಕೆಲಸ ನಿಲ್ಲಿಸಿ ಕಾಯುತ್ತಿದ್ದೆ.

ಹಾಗೆ ಕಾಯುವುದು ತಪ್ಪಲಿ ಅಂತಲೇ ಕಳೆದ ಚಳಿಗಾಲ ಒಂದು ಯಂತ್ರ ಕಟ್ಟಲು ಕೈ ಹಾಕಿದ್ದು. ನಿನಗೆ ಗೊತ್ತಲ್ಲ, ಗುಂಡು ಹಾರಿದ ಮೇಲೆ ಉಳಿಯುವ ಖಾಲಿ ಹಿತ್ತಾಳೆ ತೋಟಾಕ್ಕೇ ನಾಲ್ಕೈದು ಸಲ ಮತ್ತೆ ಮತ್ತೆ ಮದ್ದು, ಗುಂಡು ತುಂಬಿ ಹಾರಿಸಿದರೆ ಅದರ ಕತ್ತು ಗಡುಸಾಗಿ ಸೀಳುತ್ತದೆ. ಕತ್ತನ್ನು ಬೆಂಕಿಯಲ್ಲಿ ಹದವಾಗಿ ಕಾಯಿಸಿದರೆ ಮೆದುವಾಗುತ್ತದೆ. ಬುಡಕ್ಕೆ ಮಾತ್ರ ಶಾಖ ಮುಟ್ಟಬಾರದು, ಮುಟ್ಟಿದರೆ ಹಾರಿಸಿದವನ ಮುಖಕ್ಕೇ ಅಪಾಯ. ಅದಕ್ಕೆಂದೇ ಮಾಡಿದ ಯಂತ್ರ ಅಂಗಡಿಯಲ್ಲಿದೆ, ನಮ್ಮಂಥವರು ಕೈ ಹಾಕುವ ಬೆಲೆಯದಲ್ಲ. ನಾನು ಕೆಟ್ಟುಹೋದ ಮೈಕ್ರೋವೇವ್ ಬಿಚ್ಚಿ, ಅದರೊಳಗೆ ತಟ್ಟೆ ತಿರುಗಿಸುವ ಪುಟ್ಟ ಮೋಟರು ತೆಗೆದೆ. ದುಂಡಗಿನ ಕೇಕ್ ತಟ್ಟೆಯ ಅಂಚಿನಲ್ಲಿ ಒಂದು ಕಚ್ಚು ಕೊರೆದು ಅದಕ್ಕೆ ಜೋಡಿಸಿದೆ. ಪಕ್ಕದಲ್ಲಿ ಗ್ಯಾಸ್ ದೀಪ. ಕಚ್ಚಿಗೆ ಒಂದೊಂದೇ ತೋಟಾ ಇಳಿಯಬೇಕು, ಜ್ವಾಲೆಯ ಮುಂದೆ ಉರುಳಬೇಕು, ಕಾದದ್ದೇ ಕೆಳಗಿನ ತಗಡಿಗೆ ಬೀಳಬೇಕು.

ಮಾರ್ಲಿಸ್ ಬಂದು ನೋಡಿದಳು. "ಅಯ್ಯೋ, ಅದು ನಮ್ಮಮ್ಮನ ಕೇಕ್ ತಟ್ಟೆ!"

"ತುಕ್ಕು ಹಿಡಿದಿತ್ತು ಕಣೇ."

"ನಿನಗೂ ಹಿಡಿದಿದೆ. ನಿನಗೆ ನಾನು ತೂತು ಕೊರೆದಿದ್ದೀನಾ?"

ಬಹಳ ದಿನದ ಮೇಲೆ ಇಬ್ಬರೂ ನಕ್ಕೆವು.

ಮೊದಮೊದಲು ತೋಟಾಗಳು ಕಚ್ಚಿನಲ್ಲಿ ಸಿಕ್ಕಿಕೊಂಡು ಸುಟ್ಟು ಹಾಳಾದವು. ಮೋಟರು ಶಾಖಕ್ಕೆ ಒಮ್ಮೆ ಸತ್ತೇಹೋಯಿತು, ನಡುವೆ ತಗಡಿನ ಮರೆ ಕಟ್ಟಿದೆ. ಫೆಬ್ರವರಿ ಹೊತ್ತಿಗೆ ಪಳಗಿತು. ಸುದ್ದಿ ಊರಲ್ಲಿ ಹರಡಿ, ಒಬ್ಬೊಬ್ಬರೇ ತಮ್ಮ ತೋಟಾ ತರತೊಡಗಿದರು. ಪಕ್ಕದ ಮನೆಯ ವೆಂಡೆಲ್ ಪ್ರೂಯಿಟ್ ಒಂದು ಬಕೆಟ್ ತಂದ.

"ನಂದಲ್ಲಪ್ಪ, ನನ್ನ ಬಾವಮೈದ ಕೋಯ್‌ದು" ಅಂದ. "ಕಂಡ ಕಂಡಲ್ಲಿ ನೆಲದಿಂದ ಹೆಕ್ಕಿದ್ದು. ಹೊಸದು ಕೊಳ್ಳೋಕೆ ಜೀವ ಹೋಗುತ್ತೆ ಕಂಜೂಸ್ ನನ್ಮಗನಿಗೆ."

ಹಿತ್ತಾಳೆ ಯಾವಾಗ ಕೆಂಪಾಗುತ್ತದೆ ಅಂತ ಕಾಣಬೇಕಲ್ಲ, ಅದಕ್ಕೆ ಹಗಲಲ್ಲೂ ಬಾಗಿಲು ಹಾಕಿ, ಕಿಟಕಿಗೆ ಕಂಬಳಿ ಕಟ್ಟಿ ಕೆಲಸ ಮಾಡುತ್ತೇನೆ. ಕತ್ತಲಲ್ಲಿ ಒಂದೊಂದೇ ತೋಟಾ ಕೈಗೆತ್ತಿ ಹಾಕುತ್ತಿದ್ದೆ. ಒಂದರ ಮೈಮೇಲೆ ಉದ್ದಕ್ಕೆ ಉಬ್ಬಿದ ಗೆರೆಯಂಥ ಒಂದು ಏಣು ಹೆಬ್ಬೆರಳಿಗೆ ಸಿಕ್ಕಿತು.

ಗರ್ತ್‌ನ ರೈಫಲ್ ನೆನಪಿದೆಯಾ ನಿನಗೆ? ನನ್ನಪ್ಪನದು. ತೋಟಾ ಕೂರುವ ಗೂಡಿನೊಳಗೆ ಒಂದು ಗೀರಿತ್ತು, ಹಾರಿಸಿದ ಪ್ರತಿ ತೋಟಾದ ಮೈಮೇಲೂ ಕೂದಲೆಳೆಯಂಥ ಏಣು ಎಬ್ಬಿಸುತ್ತಿತ್ತು. "ಉಜ್ಜಿ ತೆಗೆಸೋ" ಅಂತ ನೀನೇ ಹೇಳುತ್ತಿದ್ದೆ. "ಇರಲಿ ಬಿಡಿ, ಅಜ್ಜನ ರುಜು" ಅನ್ನುತ್ತಿದ್ದ ಅವನು.

ಜ್ವಾಲೆ ಆರಿಸಿದೆ. ಖಾಲಿ ತಟ್ಟೆ ತಿರುಗುತ್ತಲೇ ಇತ್ತು. ಕಂಬಳಿ ಕಿತ್ತು ಬೆಳಕಿಗೆ ಹಿಡಿದು ನೋಡಿದೆ. ಮಳೆ ಹಿಮ ಕುಡಿದು ಕಪ್ಪಾದ ತೋಟಾ, ಅದೇ ಏಣು, ಅದೇ ಜಾಗದಲ್ಲಿ. ಬೆನ್ನ ಹಿಂದೆ ಯಾರೋ ನಿಂತಂತೆ ಅನ್ನಿಸಿ ತಿರುಗಿದೆ. ಯಾರೂ ಇರಲಿಲ್ಲ. ಆದರೂ "ಬಂದೆ ಇರೋ" ಅಂದುಬಿಟ್ಟೆ, ಗಟ್ಟಿಯಾಗಿ.

ವೆಂಡೆಲ್‌ನನ್ನು ಕರೆದುಕೊಂಡು ನೇರ ಕೋಯ್‌ನ ಮನೆಗೆ ಹೋದೆ. ನೆವಾಡಾದ ಗಣಿ ಕೆಲಸ ಬಿಟ್ಟು ಇಲ್ಲಿಗೆ ಬಂದು ಮೂರು ವರ್ಷವಾದವನು, ಒಂಟಿ. ತೋಟಾವನ್ನು ಅವನ ಊಟದ ಮೇಜಿನ ಮೇಲೆ ನಿಲ್ಲಿಸಿದೆ.

"ಇದು ಎಲ್ಲಿ ಸಿಕ್ಕಿತು?"

ಅವನು ತೋಟಾ ನೋಡಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. ಎದ್ದು ಒಳಗೆ ಹೋಗಿ ರೈಫಲ್ ತಂದು ನನ್ನ ತೊಡೆಯ ಮೇಲಿಟ್ಟ.

"ಮರಕ್ಕೆ ಒರಗಿಸಿತ್ತು ಸಾರ್. ಸುತ್ತ ನೋಡಿದೆ, ಕೂಗಿದೆ, ಯಾರೂ ಇರಲಿಲ್ಲ. ಮರೆತು ಹೋಗಿದ್ದಾರೆ ಅಂದ್ಕೊಂಡು ತಂದೆ. ಆಮೇಲೆ ಪೆಟ್ರೋಲ್ ಬಂಕಿನಲ್ಲಿ ಕಾಣೆಯಾಗಿದ್ದಾನೆ ಅಂತ ಅಂಟಿಸಿದ್ದ ನಿಮ್ಮ ಮಗನ ಫೋಟೋ ನೋಡಿದೆ, ಕೈಯಲ್ಲಿ ಇದೇ ರೈಫಲ್ ಇತ್ತು. ಅಷ್ಟರಲ್ಲಿ ಒಂದು ಚಳಿಗಾಲ ಕಳೆದಿತ್ತು. ಹೊರಗಿನವನು ನಾನು, ನನ್ನ ತಲೆಗೇ ಕಟ್ಟುತ್ತಾರೆ ಅಂತ ಹೆದರಿದೆ."

"ಆ ತಾಯಿ ದಿನಾ ಅಂಗಡಿಯಲ್ಲಿ ಎದುರಾಗ್ತಿದ್ದಳಲ್ಲೋ!" ವೆಂಡೆಲ್ ಅವನ ಕೊರಳಪಟ್ಟಿಗೆ ಕೈ ಹಾಕಿದ. "ಗುಡ್ ಮಾರ್ನಿಂಗ್ ಹೇಳ್ತಿದ್ದೆಯಲ್ಲೋ, ಹಲ್ಕಾ!"

ನನಗೂ ಹೊಡೆಯಬೇಕು ಅನ್ನಿಸಿತ್ತು ಡೆಲ್ಬರ್ಟ್. ಆದರೆ ತೊಡೆಯ ಮೇಲೆ ರೈಫಲ್ ಮಲಗಿದ ಮಗುವಿನ ಹಾಗೆ ಭಾರವಾಗಿತ್ತು, ಏಳಲಾಗಲಿಲ್ಲ. "ಜಾಗ ತೋರಿಸ್ತೀಯಾ?" ಅಂತಷ್ಟೇ ಕೇಳಿದೆ.

ಹಿಮ ಕರಗುವವರೆಗೆ ಕಾಯಬೇಕಾಯಿತು. ಮಾರ್ಲಿಸ್‌ಗೆ ಅವತ್ತೇ ಹೇಳಿದೆ. ಅಳಲಿಲ್ಲ. ಕಿಟಕಿಯಿಂದ ಬೆಟ್ಟ ಕಾಣುತ್ತದಲ್ಲ, ಅದಕ್ಕೆ ಪರದೆ ಎಳೆದಳು, ಜೂನ್‌ವರೆಗೆ ತೆರೆಯಲಿಲ್ಲ.

ಶೆರಿಫ್, ಅವನ ಜೊತೆಯ ಇಬ್ಬರು, ವೆಂಡೆಲ್, ಕೋಯ್, ನಾನು ಹತ್ತಿದೆವು. ನಾವೆಲ್ಲ ಹಿಂದೆ ಜಾಲಾಡಿದ ಪಶ್ಚಿಮದ ಕಣಿವೆಯಲ್ಲ ಕಣೋ, ಬೆಟ್ಟದ ಆಚೆ ಬದಿ. ಗರ್ತ್ ಎಲ್ಕ್ ಜಿಂಕೆಯ ಜಾಡು ಹಿಡಿದು ದಾಟಿರಬೇಕು. ಆ ಮರದ ಕೆಳಗೇ, ಬಿದ್ದ ಕೊಂಬೆಗಳ ಅಡಿಯಲ್ಲಿದ್ದ. ಅವನ ಬೆಲ್ಟಿನ ಬಕಲ್ ನಾನೇ ಗುರುತಿಸಿದೆ. ಮೊಣಕಾಲಿನ ಕೆಳಗೆ ಮೂಳೆ ಮುರಿದಿತ್ತು. ಕೋಯ್ ನೋಡಿ ಹಿಂದಕ್ಕೆ ಸರಿದ. "ಅಡಿಗೇ ಇದ್ದನಲ್ಲಾ, ನನ್ನ ಕಾಲ ಅಡಿಗೇ ಇದ್ದನಲ್ಲಾ" ಅಂತ ಅದನ್ನೇ ಹೇಳುತ್ತಿದ್ದ.

ಮಾರ್ಲಿಸ್ ಕೆಳಗೆ ದಾರಿ ಶುರುವಾಗುವಲ್ಲಿ ಕಾರಿನ ಹತ್ತಿರ ನಿಂತಿದ್ದಳು, ಫ್ಲಾಸ್ಕ್ ಹಿಡಿದು.

"ಅವನೇನಾ?"

"ಅವನೇ."

ತಲೆಯಾಡಿಸಿದಳು. ಲೋಟಕ್ಕೆ ಕಾಫಿ ಬಗ್ಗಿಸಿ, ನನ್ನನ್ನು ದಾಟಿ, ದೂರದಲ್ಲಿ ಒಬ್ಬನೇ ನಿಂತಿದ್ದ ಕೋಯ್‌ಗೆ ಕೊಟ್ಟಳು. "ಕುಡಿ. ಬಿಸಿ ಇದೆ." ಅವನು ಅಲ್ಲೇ ಮಣ್ಣಿನಲ್ಲಿ ಕುಕ್ಕರಿಸಿ ಅತ್ತ. ಅವನು ಲೋಟ ವಾಪಸು ಕೊಡುವವರೆಗೂ ಅವಳು ನಿಂತಿದ್ದಳು.

ಗರ್ತ್‌ನನ್ನು ನನ್ನ ಅಪ್ಪನ ಪಕ್ಕದಲ್ಲಿ ಮಣ್ಣು ಮಾಡಿದೆವು. ಕಾಲು ಮುರಿದಿದೆ, ಅವತ್ತಿನ ಚಳಿಗೆ ಬೇಗ ನಿದ್ದೆ ಹತ್ತಿರುತ್ತದೆ, ನೋವು ತಿಳಿದಿರಲಿಕ್ಕಿಲ್ಲ ಅಂತ ಡಾಕ್ಟರು ಹೇಳಿದರು. ಮಾರ್ಲಿಸ್ ಅದನ್ನು ಬಂದವರಿಗೆಲ್ಲ ಹೇಳುತ್ತಾಳೆ. ಈಗ ಪೇಟೆಯಲ್ಲಿ ಯಾರ ಬೆನ್ನನ್ನೂ ನೋಡುವುದಿಲ್ಲ, ತನ್ನ ಚೀಟಿ ನೋಡಿಕೊಂಡು ಸಾಮಾನು ತರುತ್ತಾಳೆ. ಅದನ್ನು ನೋಡುವುದೂ ಕಷ್ಟವೇ.

ದೇವರು ನಿನ್ನನ್ನು, ನಿನ್ನ ಮಕ್ಕಳನ್ನು, ಅವರ ಮಕ್ಕಳನ್ನು ಚೆನ್ನಾಗಿಟ್ಟಿರಲಿ. ಬೆಟ್ಟ ಹತ್ತುವವರು ಸಂಜೆಗೆ ಮನೆ ಸೇರಲಿ. ಬೇಗ ಬರೆ.

ನಿನ್ನ
ಆರಿನ್ ಟ್ವೈಟ್

ಮರೆತ ಮಾತು: ಮರೆತದ್ದೇನಲ್ಲ, ಮೇಲೆ ಬರೆಯಲಾಗಲಿಲ್ಲ. ಮಣ್ಣು ಮಾಡಿ ಬಂದ ಮೇಲೆ ಕೋಯ್‌ನ ಬಕೆಟ್ಟನ್ನು ಮೇಜಿನ ಮೇಲೆ ಸುರಿದು ನೋಡಿದೆ. ಏಣಿದ್ದ ತೋಟಾ ಅದೊಂದೇ ಅಲ್ಲ ಡೆಲ್ಬರ್ಟ್. ಆ ಸಲ ಬೇಟೆಗೆ ಹೊರಟ ಗರ್ತ್‌ಗೆ ನಾನು ತುಂಬಿಸಿಕೊಟ್ಟ ಇಡೀ ಪೆಟ್ಟಿಗೆ ಅಲ್ಲಿತ್ತು, ಎಲ್ಲವೂ ಹಾರಿಸಿದ್ದು. ಎಲ್ಲ ಆ ಮರದ ಬುಡದಲ್ಲೇ ಬಿದ್ದಿದ್ದವು ಅಂತ ಕೋಯ್ ಹೇಳಿದ. ಯಾವ ಎಲ್ಕ್‌ಗೂ ಯಾರೂ ಅಷ್ಟು ಹೊಡೆಯುವುದಿಲ್ಲ. ಕಾಲು ಮುರಿದು ಕೂತು ನಮ್ಮನ್ನು ಕರೆದಿದ್ದಾನೆ, ಮುಗಿಯುವವರೆಗೂ. ಬೆಟ್ಟ ಅಡ್ಡ ಇತ್ತು, ಗಾಳಿ ಆ ಕಡೆಗಿತ್ತು, ನಮಗೆ ಕೇಳಿಸಲಿಲ್ಲ. ನಿನಗೆ ಬಿಟ್ಟರೆ ಯಾರಿಗೂ ಹೇಳಿಲ್ಲ. ಮಾರ್ಲಿಸ್‌ಗೆ ಗೊತ್ತಾಗಬಾರದು ಅಂತ ಅವನ್ನೆಲ್ಲ ಹಳೇ ಬಣ್ಣದ ಡಬ್ಬಿಯಲ್ಲಿ ಹಾಕಿ, ಮುಚ್ಚಳವನ್ನು ಸುಮ್ಮನೆ ಮೇಲಿಟ್ಟು, ಅಟ್ಟಣಿಗೆಯ ಹಿಂದೆ ಸರಿಸಿದ್ದೆ. ಈ ಮನೆಯಲ್ಲಿರುವುದು ನಾವಿಬ್ಬರೇ. ನಿನ್ನೆ ತೆಗೆಯಲು ಹೋದೆ. ಆ ಮುಚ್ಚಳವನ್ನು ಯಾರೋ ಸುತ್ತಿಗೆಯಿಂದ ಸುತ್ತಲೂ ಬಡಿದು ಭದ್ರವಾಗಿ ಕೂರಿಸಿದ್ದಾರೆ.