ಗೌನು ತೊಟ್ಟು ಬೆಟ್ಟ ಹತ್ತುವ ಹಿಂದಿನ ದಿನ

ನನ್ನ ಟಿಲ್ಡಾಳಿಗೆ ಹಾಲು ಕೊಟ್ಟ ಅಕ್ಕನಿಗೆ,

ನಿನ್ನ ಹೆಸರು ನನಗೆ ಗೊತ್ತಿಲ್ಲ. ಕೇಳಿದರೂ ಹೇಳಬಾರದು ಎನ್ನುವುದು ಎದೆಹಾಲಿನ ಬ್ಯಾಂಕಿನವರ ನಿಯಮ. "ಬರೆದುಕೊಡು, ತಲುಪಿಸೋಕೆ ನೋಡ್ತೀನಿ. ಆದ್ರೆ ಯಾರಿಗೆ ತಲುಪ್ತು ಅಂತ ಮಾತ್ರ ಕೇಳ್ಬೇಡ," ಎಂದಿದ್ದಾಳೆ ರಮೋನಾ. ನಮ್ಮ ಲಾಂಗ್‌ವ್ಯೂ ಊರಿನ ತಾಯಂದಿರಿಂದ ಹಾಲು ಸಂಗ್ರಹಿಸಿ ಬ್ಯಾಂಕಿಗೆ ಕಳಿಸುವವಳು ಅವಳೇ. ಬ್ಯಾಂಕಿಗಾಗಿ ಬೆಟ್ಟ ಹತ್ತುವ ನಮ್ಮ ತಂಡದ ಮುಂದಾಳೂ ಅವಳೇ. ನಾಳೆ ತಾಯಂದಿರ ದಿನ. ನಾವೆಲ್ಲ ಗೌನು ತೊಟ್ಟುಕೊಂಡು ಸೇಂಟ್ ಹೆಲೆನ್ಸ್ ಜ್ವಾಲಾಮುಖಿ ಬೆಟ್ಟ ಹತ್ತುತ್ತಿದ್ದೇವೆ.

ತಾಯಂದಿರ ದಿನ ಅಮ್ಮಂದಿರ ಗೌರವಕ್ಕೆ ಗೌನು ತೊಟ್ಟು ಹತ್ತುವುದು ಇಲ್ಲಿನ ಪದ್ಧತಿ ಎಂದು ನಿನಗೆ ಹೇಳಬೇಕಾಗಿಲ್ಲ. ಈ ಸೀಮೆಯವಳೇ ಆಗಿದ್ದರೆ ನೀನೂ ಒಂದು ವರ್ಷ ಹತ್ತಿರಬಹುದು. ಗಡ್ಡ ಬಿಟ್ಟ ಗಂಡಸರು ಹೂವಿನ ಗೌನಿನಲ್ಲಿ, ಕೈಯಲ್ಲಿ ಹಿಮಗೊಡಲಿ ಹಿಡಿದು, ಅಮ್ಮನ ಹೆಸರು ಹೇಳಿಕೊಂಡು ಹೋಗುವುದನ್ನು ನೋಡಿ ನಕ್ಕಿರಬಹುದು. ನಾನು ಈ ಊರಿನಲ್ಲೇ ಹುಟ್ಟಿ ಬೆಳೆದರೂ ಒಮ್ಮೆಯೂ ಹೋದವಳಲ್ಲ. ಕಳೆದ ವರ್ಷದ ತಾಯಂದಿರ ದಿನವಂತೂ ಆಸ್ಪತ್ರೆಯಲ್ಲಿ ಕಳೆಯಿತು.

ಜುಲೈನಲ್ಲಿ ಹುಟ್ಟಬೇಕಾಗಿದ್ದ ಟಿಲ್ಡಾ ಏಪ್ರಿಲ್‌ನಲ್ಲೇ ಬಂದುಬಿಟ್ಟಿದ್ದಳು. ಅವಳಿಗೆ ಹಾಕಿದ ಡಯಾಪರ್ ನನ್ನ ಅಂಗೈಗಿಂತ ಚಿಕ್ಕದು. ಅದೂ ಅವಳ ಕಂಕುಳವರೆಗೆ ಬರುತ್ತಿತ್ತು. ಗಾಜಿನ ಪೆಟ್ಟಿಗೆಯೊಳಗೆ ಕೈ ತೂರಿಸಿ ಅವಳ ಪಾದದ ಮೇಲೆ ಒಂದು ಬೆರಳಿಡುವುದು, ತಾಯಿಯಾಗಿ ನನಗೆ ಉಳಿದಿದ್ದ ಕೆಲಸ ಅಷ್ಟೇ. ಅವಳು ಉಸಿರಾಡುವುದನ್ನು ಆಗಾಗ ಮರೆಯುತ್ತಿದ್ದಳು. ಯಂತ್ರ ಕೂಗುತ್ತಿತ್ತು, ನರ್ಸ್ ಬಂದು ಬೆನ್ನು ಸವರುತ್ತಿದ್ದಳು, ಅವಳಿಗೆ ನೆನಪಾಗುತ್ತಿತ್ತು. ನನಗೋ ಹಾಲೇ ಬರಲಿಲ್ಲ. ಹಾಲು ಹಿಂಡುವ ಪಂಪು ಗುಯ್‌ಗುಡುತ್ತಲೇ ಇತ್ತು, ಸೀಸೆಯ ತಳ ಒದ್ದೆಯಾಗುತ್ತಿರಲಿಲ್ಲ.

ತಾಯಂದಿರ ದಿನದ ಆ ಭಾನುವಾರ ಆಸ್ಪತ್ರೆಯವರು ಎಲ್ಲ ತಾಯಂದಿರಿಗೂ ಒಂದೊಂದು ಹೂವು ಹಂಚಿದರು. ನಾನು ಗೋಡೆಯ ಕಡೆ ತಿರುಗಿ ಕುಳಿತೆ. ಅದೇ ಹೊತ್ತಿಗೆ ನರ್ಸ್ ಸಣ್ಣ ಸಿರಿಂಜಿನಲ್ಲಿ ನಿನ್ನ ಹಾಲು ತಂದಳು. ನಿಜ ಹೇಳಲೇ ಅಕ್ಕಾ, ಮೊದಲು ನನ್ನೊಳಗೆ ಎದ್ದದ್ದು ಕೃತಜ್ಞತೆಯಲ್ಲ, ಹೊಟ್ಟೆಕಿಚ್ಚು. ನನ್ನ ಮಗಳ ಹೊಟ್ಟೆಗೆ ಇನ್ಯಾರೋ ಇಳಿಯುತ್ತಿದ್ದಾಳೆ ಅನ್ನಿಸಿತು. ನಾಲ್ಕು ಹನಿ ಹೋಯಿತು. ಟಿಲ್ಡಾ ಇರುವೆಯಷ್ಟು ಸದ್ದು ಮಾಡಿ ತುಟಿ ಚಪ್ಪರಿಸಿದಳು. ಆ ಚಪ್ಪರಿಕೆ ಕೇಳಿದ ಮೇಲೆ ನನ್ನ ಕಿಚ್ಚು ಎಲ್ಲಿ ಹೋಯಿತೋ ತಿಳಿಯದು.

ಅಂದಿನಿಂದ ನಿನ್ನನ್ನು ಕಲ್ಪಿಸಿಕೊಳ್ಳುತ್ತಾ ಬಂದೆ. ನಿನ್ನ ಅಡುಗೆಮನೆಯಲ್ಲಿ ರೇಡಿಯೋ ಹಾಡುತ್ತಿರುತ್ತದೆ. ಫ್ರೀಜರಿನಲ್ಲಿ ನಿನ್ನ ಗಂಡ ಹಿಡಿದು ತಂದ ಟ್ರೌಟ್ ಮೀನಿನ ಪಕ್ಕದಲ್ಲೇ ಹಾಲಿನ ಚೀಲಗಳನ್ನು ಒತ್ತೊತ್ತಾಗಿ ಜೋಡಿಸಿರುತ್ತೀ. ಯಾರಾದರೂ ಐಸ್‌ಕ್ರೀಮ್ ಇಡಲು ಜಾಗ ಕೇಳಿದರೆ ಬೈದು ಓಡಿಸುತ್ತೀ. ಇದನ್ನೆಲ್ಲ ಹೇಳಿದಾಗ ರಮೋನಾ ಬಿದ್ದು ಬಿದ್ದು ನಕ್ಕಳು. "ಅಯ್ಯೋ ಹುಚ್ಚಿ, ಒಬ್ಬಳು ಅಂದ್ಕೊಂಡಿದ್ದೀಯಾ? ಒಂದೊಂದು ಸೀಸೇಲೂ ಮೂರ್ನಾಲ್ಕು ತಾಯಂದಿರ ಹಾಲು ಬೆರೆಸಿರ್ತಾರೆ ಕಣೆ!" ಇರಲಿ. ನಾಲ್ವರಿಗೆ ಪತ್ರ ಬರೆಯಲು ನನಗೆ ಬರುವುದಿಲ್ಲ. ನಾಲ್ವರಲ್ಲಿ ರೇಡಿಯೋ ಇರುವವಳು ಯಾರೋ ಅವಳೇ ನೀನು ಎಂದುಕೊಂಡಿದ್ದೇನೆ.

ಜೂನಿನ ಹೊತ್ತಿಗೆ ನನಗೂ ಹಾಲು ಬಂತು. ಜುಲೈನಲ್ಲಿ ಮಗಳನ್ನು ಮನೆಗೆ ತಂದೆವು. ಕಷ್ಟ ಮುಗಿಯಿತೆಂದು ಎಲ್ಲರೂ ಸಂಭ್ರಮಪಟ್ಟರು. ನನಗೆ ಮಾತ್ರ ಆಗ ಶುರುವಾಯಿತು. ಆಸ್ಪತ್ರೆಯಲ್ಲಿ ಯಂತ್ರವಿತ್ತು, ನರ್ಸ್ ಇದ್ದಳು, ಮನೆಯಲ್ಲಿ ನಾನೊಬ್ಬಳೇ. ಮಗುವಿನ ಕಾಲಿಗೆ ತೊಡಿಸುವ ಒಂದು ಕಾಲುಚೀಲ ಸಿಗುತ್ತದಲ್ಲ, ಎದೆಬಡಿತ ಎಣಿಸಿ ಫೋನಿಗೆ ಕಳಿಸುವಂಥದ್ದು, ಅದನ್ನು ಕೊಂಡೆ. ಅಂದಿನಿಂದ ಮಗಳ ಮುಖಕ್ಕಿಂತ ಫೋನನ್ನೇ ಹೆಚ್ಚು ನೋಡಿದೆ. ರಾತ್ರಿಯೆಂದರೆ ನನಗೆ ನಿದ್ದೆಯಲ್ಲ, ಕಾವಲು. ಕಾಲೇಜಿನಲ್ಲಿ ಓದಿದ್ದೂ ಶಾಪವಾಯಿತು. ಓದಬಾರದ ವರದಿಗಳನ್ನೆಲ್ಲ ಹುಡುಕಿ ಓದಿದೆ. ಚಳಿಗಾಲದಲ್ಲಿ ಡಾಕ್ಟರು, "ಅವಳ ಉಸಿರು ಗಟ್ಟಿಯಾಗಿದೆ, ಇನ್ನು ಇದನ್ನ ತೆಗೆದುಬಿಡಿ," ಎಂದರು. ನಾನು ತೆಗೆಯಲಿಲ್ಲ.

ಆಗಲೇ ರಮೋನಾ ಬೆಟ್ಟದ ಮಾತು ತೆಗೆದದ್ದು. ಒಬ್ಬೊಬ್ಬರು ಹತ್ತಿದಾಗ ನೆಂಟರಿಷ್ಟರು ಕೊಡುವ ಹಣದಿಂದ ಎಷ್ಟೋ ಪೆಟ್ಟಿಗೆ-ಮಕ್ಕಳಿಗೆ ಹಾಲು ಸಿಗುತ್ತದೆ ಎಂದಳು. ನಾನು ಬಾಯಿ ತೆರೆಯುವ ಮೊದಲೇ ನನ್ನ ಗಂಡ ಕರ್ಟಿಸ್, "ನಾವಿಬ್ರೂ ಬರ್ತೀವಿ, ಬರ್ಕೋ," ಎಂದುಬಿಟ್ಟ. ಕಾಗದದ ಗಿರಣಿಯಲ್ಲಿ ಕೆಲಸ ಮಾಡುವ ಅವನಿಗೆ ಎಲ್ಲವೂ ಸುಲಭ. ಮಗುವನ್ನು ನೋಡಿಕೊಳ್ಳಲು ಅವನ ಅಮ್ಮ ಲವಾನ್ ಒಪ್ಪಿದರು, ಆದರೆ ಮೂಗು ಮುರಿಯದೆ ಅಲ್ಲ. "ಆ ಬೆಟ್ಟ ತನ್ನ ತಲೇನೇ ಹಾರಿಸ್ಕೊಂಡು ಕೂತಿದೆ. ಅದರ ಬೂದಿ ನಮ್ಮ ಅಂಗಳದಿಂದ ಗುಡಿಸಿ ಗುಡಿಸಿ ನನ್ನ ಸೊಂಟ ಹೋಯ್ತು. ಅಂಥಾದ್ದರ ಹತ್ರ ಧೈರ್ಯ ಕೇಳೋಕೆ ಹೋಗ್ತೀರಾ?"

ನನಗೆ ಬೆಟ್ಟದ ಭಯವಿರಲಿಲ್ಲ ಅಕ್ಕಾ. ಮೊದಲ ತಿರುವು ದಾಟಿದ ಮೇಲೆ ಅಲ್ಲಿ ಫೋನು ಕೆಲಸ ಮಾಡುವುದಿಲ್ಲ. ನನ್ನ ಕಣ್ಣಿಗೆ ಆ ಅಂಕಿ ಕಾಣದ ಇಡೀ ಒಂದು ದಿನ. ಭಯ ಅದರದ್ದು.

ತಯಾರಿಗೆಂದು ಪ್ರತಿ ಶನಿವಾರ ಸಿಲ್ವರ್ ಸ್ಟಾರ್ ಗುಡ್ಡಕ್ಕೆ ಹೋಗುತ್ತಿದ್ದೆವು. ಬೆನ್ನುಚೀಲದಲ್ಲಿ ಭಾರ ಹೊರಬೇಕು, ಅಭ್ಯಾಸವಾಗಲಿ ಎಂದು. ತಿಳಿದವರು ಹಾಲಿನ ಖಾಲಿ ಕ್ಯಾನುಗಳಿಗೆ ನೀರು ತುಂಬಿಕೊಂಡು ಹೋಗಿ, ತುದಿಯಲ್ಲಿ ಸುರಿದು, ಹಗುರಾಗಿ ಇಳಿಯುತ್ತಾರೆ. ನಾನು ಮೊದಲ ಸಲ ಕರ್ಟಿಸ್‌ನ ಕಬ್ಬಿಣದ ಡಂಬೆಲ್‌ಗಳನ್ನು ತುಂಬಿಕೊಂಡು ಹೋಗಿದ್ದೆ. ರಮೋನಾ ಚೀಲ ಎತ್ತಿ ನೋಡಿ ಗಹಗಹಿಸಿದಳು. "ಇದನ್ನ ಮೇಲೆ ಬಿಟ್ಟು ಬರೋಕಾಗುತ್ತಾ ಮಾರಾಯ್ತಿ? ಮಂಡಿ ಮುರಿಯೋದು ಇಳಿಯೋವಾಗ. ಹೊತ್ತದ್ದನ್ನೇ ವಾಪಸ್ ಹೊತ್ಕೊಂಡು ಬರ್ತೀನಿ ಅಂತ ಹಟ ಹಿಡಿಯೋಳು ನೀನೊಬ್ಬಳೇ!" ಆ ದಿನ ಡಂಬೆಲ್‌ಗಳಿಗೂ ನನಗೂ ಕಷ್ಟವಾಗಲಿಲ್ಲ. ಫೋನಿನ ಸಿಗ್ನಲ್ ಗೆರೆಗಳು ಮಾಯವಾದ ಕೂಡಲೇ ನಾನು ಕಾರಿಗೆ ವಾಪಸಾಗಿದ್ದೆ. ಎರಡನೆಯ ಸಲ ನೀರು ತುಂಬಿಕೊಂಡು ಅರ್ಧ ಗುಡ್ಡ ಹತ್ತಿ, ಅಲ್ಲಿಂದಲೂ ಓಡಿ ಬಂದೆ.  ವಾಪಸಾಗುವ ದಾರಿಯುದ್ದಕ್ಕೂ ಕರ್ಟಿಸ್ ಕಾರಿನ ಕಿಟಕಿಯಾಚೆ ನೋಡುತ್ತಿದ್ದ. ಬೈದಿದ್ದರೆ ಚೆನ್ನಾಗಿತ್ತು.

ಮೂರನೆಯ ಶನಿವಾರ ರಮೋನಾ ಬಾಗಿಲಲ್ಲೇ ಹೇಳಿದಳು: "ಇವತ್ತು ತುದಿ ಮುಟ್ಟದೇ ಇದ್ರೆ ನಿನ್ನನ್ನ ಹೆಲೆನ್ಸ್‌ಗೆ ಕರ್ಕೊಂಡು ಹೋಗೋಲ್ಲ. ಕೋಪಕ್ಕಲ್ಲ ಕಣೆ. ಅರ್ಧ ಹಿಮದಲ್ಲಿ ನೀನು ತಿರುಗಿದ್ರೆ ನಿನ್ನ ಜೊತೆ ಇಡೀ ತಂಡ ತಿರುಗಬೇಕು." ಅಂದು ಹತ್ತಿದೆ. ಹೇಗೆ ಹತ್ತಿದೆನೋ! ತುದಿಯಲ್ಲಿ ಕ್ಯಾನಿನ ಮುಚ್ಚಳ ಬಿಚ್ಚಿ ಬೋರಲು ಹಾಕಿದಾಗ ನೀರು ಕಲ್ಲುಗಳ ನಡುವೆ ಬುಳುಬುಳು ಇಳಿಯಿತು, ಭುಜಗಳು ತಾವಾಗಿಯೇ ಮೇಲೆದ್ದವು. ದೂರದಲ್ಲಿ ಹೆಲೆನ್ಸ್ ಬೆಳ್ಳಗೆ ನಿಂತಿತ್ತು. ಎಲ್ಲರೂ ಸ್ಯಾಂಡ್‌ವಿಚ್ ಬಿಚ್ಚಿದರು. ನಾನು ಮೊದಲು ಇಳಿಯಲು ಶುರುಮಾಡಿದೆ.

ಕೆಳಗೆ ಬಂದು ಫೋನಿಗೆ ಜೀವ ಬಂದದ್ದೇ ತಡ, ಅದು ಕಿರುಚತೊಡಗಿತು. ಕೆಂಪು ಅಕ್ಷರ. ಎದೆಬಡಿತ ತೀರಾ ಕಡಿಮೆ. ಟಿಲ್ಡಾಳ ಎದೆ ಗುಬ್ಬಿಯಂತೆ ಬಡಿಯುವುದು. ಅಲ್ಲಿದ್ದ ಅಂಕಿ ಅದರ ಅರ್ಧವೂ ಇರಲಿಲ್ಲ. ಲವಾನ್ ಫೋನು ಎತ್ತಲಿಲ್ಲ. ಪಕ್ಕದ ಮನೆಯವರಿಗೆ ಹಚ್ಚಿದೆ. ಅವರು ಬೇಲಿಯಾಚೆ ಇಣುಕಿ, "ಮಗು ಮಜವಾಗಿದೆಯಮ್ಮಾ," ಎಂದರು, ನಾನು ನಂಬಲಿಲ್ಲ. ಕರ್ಟಿಸ್ ಕಾರು ಓಡಿಸಿದ. ಆ ದಾರಿಯ ಬಗ್ಗೆ ಬರೆಯಲಾರೆ.

ಮನೆಯ ಮುಂದಿನ ಜಗುಲಿಯಲ್ಲಿ ಲವಾನ್ ಕಾಲು ಚಾಚಿ ಕುಳಿತಿದ್ದರು. ಅವರ ಮಡಿಲಲ್ಲಿ ಟಿಲ್ಡಾ, ಮುಖದ ತುಂಬ ಗೆಣಸಿನ ಮುದ್ದೆ ಬಳಿದುಕೊಂಡು, ಚಮಚದಿಂದ ಅಜ್ಜಿಯ ಕನ್ನಡಕಕ್ಕೆ ಬಡಿಯುತ್ತಿದ್ದಳು. ಬರಿಗಾಲು. ಆ ಕಾಲುಚೀಲವೋ, ಅಜ್ಜಿಯ ಕಾಲಿನ ಹೆಬ್ಬೆರಳಿಗೆ ರಬ್ಬರ್ ಬ್ಯಾಂಡಿನಿಂದ ಬಿಗಿದು ಕಟ್ಟಿತ್ತು!

ನಾನು ಕೂಗಾಡಿದೆ, ಅತ್ತುಬಿಟ್ಟೆ. ಅವರೂ ಕೂಗಿದರು. "ಅದನ್ನ ಹಾಕಿ ಹಾಕಿ ಮಗೂ ಪಾದ ಕೆಂಪಗಾಗಿತ್ತು ಕಣೆ, ಬೆಳಿಗ್ಗೆ ನೀವು ಗುಡ್ಡ ಹತ್ತೋ ಹೊತ್ತಿಗೇ ಬಿಚ್ಚಿದೆ. ಬಿಚ್ಚಿಟ್ರೆ ನಿನಗೆ ಫೋನಲ್ಲಿ ಗೊತ್ತಾಗುತ್ತೆ, ಮತ್ತೆ ಅರ್ಧದಾರಿಗೇ ಓಡಿ ಬರ್ತೀಯ. ಯಾರಾದ್ರೂ ಒಬ್ಬರು ಹಾಕ್ಕೊಂಡಿರಬೇಕಿತ್ತು, ನಾನೇ ಹಾಕ್ಕೊಂಡೆ!" ಎಂದವರು, ನನ್ನ ಕೈಯಿಂದ ಫೋನು ಕಿತ್ತುಕೊಂಡು ಅಂಕಿ ನೋಡಿದರು. ಮುಖ ಬಿಳಿಚಿತು. "ಏನೋ ಕರ್ಟಿಸ್, ನನ್ನ ಎದೆ ಇಷ್ಟು ನಿಧಾನಕ್ಕೆ ಬಡ್ಕೊಳ್ಳುತ್ತಾ? ನಾನು ಸಾಯ್ತಾ ಇದೀನೇನೋ?"

"ಇಲ್ಲಮ್ಮಾ, ನಿನಗೆ ಅರವತ್ತೆಂಟು ವರ್ಷ. ಆ ಕಾಲುಚೀಲ ನಿನ್ನನ್ನ ಕೂಸು ಅಂದ್ಕೊಂಡಿದೆ."

ಕರ್ಟಿಸ್ ಮೆಟ್ಟಿಲ ಮೇಲೆ ಕುಸಿದು ಕುಳಿತು ನಗತೊಡಗಿದ. ಆಮೇಲೆ ಲವಾನ್ ನಕ್ಕರು. ಎಲ್ಲರೂ ನಗುತ್ತಾರೆಂದು ಟಿಲ್ಡಾಳೂ ನಕ್ಕಳು. ನನಗೆ ಕೊನೆಗೆ ಬಂತು ನಗು, ಬಂದದ್ದು ನಿಲ್ಲಲಿಲ್ಲ. ನಗುತ್ತಲೇ ಒಂದು ಮಾತು ಹೊಳೆಯಿತು: ಬೆಳಗಿನಿಂದ ಆ ಕ್ಷಣದವರೆಗೆ ನನ್ನ ಮಗಳನ್ನು ಯಾವ ಯಂತ್ರವೂ ಕಾಯುತ್ತಿರಲಿಲ್ಲ. ನಾನು ಗುಡ್ಡ ಹತ್ತುವಾಗ, ನೀರು ಸುರಿಯುವಾಗ, ಹುಚ್ಚಿಯಂತೆ ಇಳಿಯುವಾಗ ಅವಳು ತನ್ನ ಪಾಡಿಗೆ ಉಸಿರಾಡುತ್ತಾ ಗೆಣಸು ತಿನ್ನುತ್ತಿದ್ದಳು. ನನ್ನ ಮುಖ ನೋಡಿ ಲವಾನ್‌ಗೆ ಅರ್ಥವಾಗಿರಬೇಕು. ಧ್ವನಿ ತಗ್ಗಿಸಿದರು. "ನೀನು ನೋಡದೇ ಇದ್ದಾಗ್ಲೂ ಅವಳಿಗೆ ಉಸಿರಾಡೋಕೆ ಬರುತ್ತೆ ಮಗಳೇ. ಅದನ್ನ ಅವಳು ಯಾವಾಗ್ಲೋ ಕಲಿತಳು. ಒಪ್ಕೋಬೇಕಾದೋಳು ನೀನು."

ಕಾಲುಚೀಲ ಅಂದೇ ಕಪಾಟು ಸೇರಿತು. ಆ ರಾತ್ರಿ ಮಲಗಿದವಳು ಕಣ್ಣು ಬಿಟ್ಟಾಗ ಬಿಸಿಲು ಗೋಡೆಯ ಮೇಲಿತ್ತು. ಒಂದು ವರ್ಷದಲ್ಲಿ ನಾನು ಗೋಡೆಯ ಮೇಲೆ ಬಿಸಿಲನ್ನು ಹಾಗೆ, ಸುಮ್ಮನೆ, ನೋಡಿರಲಿಲ್ಲ. ಎಲ್ಲ ರಾತ್ರಿಯೂ ಹಾಗಿದೆ ಎಂದು ಸುಳ್ಳು ಹೇಳುವುದಿಲ್ಲ. ಎರಡು ರಾತ್ರಿ ಎದ್ದು ಹೋಗಿ ಅವಳ ಮೂಗಿನ ಬಳಿ ಕೈ ಹಿಡಿದಿದ್ದೇನೆ. ಬೆಚ್ಚಗಿನ ಗಾಳಿ ತಾಕಿದ ಮೇಲೆ ಹೋಗಿ ಮಲಗಿದ್ದೇನೆ. ಮಲಗಿದೆ ಎನ್ನುವುದನ್ನು ಗಮನಿಸು ಅಕ್ಕಾ.

ಆಮೇಲಿನದೆಲ್ಲ ಹಬ್ಬ. ಗೌನಿಗಾಗಿ ಕರ್ಟಿಸ್ ಅಮ್ಮನ ಬೀರುವಿಗೆ ಕೈ ಹಾಕಿದ. "ಅದು ನನ್ನ ಈಸ್ಟರ್ ಗೌನು ಕಣೋ, ಮುಟ್ಟಿದ್ರೆ ಕೈ ಮುರೀತೀನಿ! ಆ ನೇರಳೆದು ತಗೋ, ಸಾವಿನ ಮನೆಗೆ ಅಂತ ಇಟ್ಕೊಂಡಿರೋದು."

"ಅಮ್ಮಾ, ಹೊಟ್ಟೆ ಹತ್ರ ಬಿಗಿಯಾಗುತ್ತೆ."

"ಅದನ್ನ ಬಿಯರ್ ಕುಡಿಯೋವಾಗ ಯೋಚಿಸ್ಬೇಕಿತ್ತು."

ಹುಡ್ ಪರ್ವತದ ತಪ್ಪಲಿನಲ್ಲಿ ಹಿಮದ ಅಭ್ಯಾಸಕ್ಕೆ ಅವನು ಅದನ್ನು ಕಾಲ್ಮುಚ್ಚುವಷ್ಟು ಉದ್ದವಾಗಿಯೇ ತೊಟ್ಟುಬಂದ. ಬೂಟಿಗೆ ಕಟ್ಟಿದ ಉಕ್ಕಿನ ಹಲ್ಲು ಅಂಚಿಗೆ ಸಿಕ್ಕಿಕೊಂಡಿತು. ನನ್ನ ಗಂಡ ಕುಂಡೆಯ ಮೇಲೆ ಕುಳಿತು, ನೇರಳೆ ರೆಕ್ಕೆ ಬಿಚ್ಚಿ, ಇಡೀ ತಂಡದ ಮುಂದಿನಿಂದ ಸುಂಯ್ ಎಂದು ಇಳಿದುಹೋದ. "ಗೌನನ್ನ ಮಂಡಿ ಮೇಲಕ್ಕೆ ಕತ್ತರಿಸೋ ಮಾರಾಯ! ಪ್ರತಿ ವರ್ಷ ಯಾರೋ ಒಬ್ಬ ಗಂಡಸು ಇದನ್ನೇ ಮಾಡ್ತಾನೆ!" ಎಂದು ರಮೋನಾ ಮೇಲಿನಿಂದ ಕೂಗಿದಳು. ಇವತ್ತು ಬೆಳಿಗ್ಗೆ ಲವಾನ್ ಹೊಲಿಗೆ ಯಂತ್ರದ ಮುಂದೆ ಕುಳಿತು ಎರಡೂ ಗೌನುಗಳ ಅಂಚು ಕತ್ತರಿಸಿ ಮಡಿಚಿ ಹೊಲಿದರು. ನನ್ನದು ಹಳದಿ. ಒಳಗೆ ತೊಡಲು ನೀರು ಹಿಡಿಯದ ಪ್ಯಾಂಟು ಇದೆ. ಇಳಿಯುವಾಗ ನಾವೆಲ್ಲ ಕರ್ಟಿಸ್‌ನಂತೆಯೇ ಜಾರಿ ಬರುವವರು, ಬೇಕೆಂದೇ.

ಚೀಲ ಬಾಗಿಲ ಬಳಿ ಸಿದ್ಧವಾಗಿದೆ. ಫೋನು ಕಾರಿನಲ್ಲೇ ಇರುತ್ತದೆ. ತಂಡಕ್ಕೆ ರಮೋನಾಳದ್ದು ಸಾಕು. ನಾಳೆ ನಸುಕಿನಲ್ಲಿ ಹೊರಡುವಾಗ ಟಿಲ್ಡಾ ಮಲಗಿರುತ್ತಾಳೆ. ಒಮ್ಮೆ ಮುತ್ತಿಡುತ್ತೇನೆ. ಮೂಗಿನ ಬಳಿ ಕೈ ಹಿಡಿಯುವುದಿಲ್ಲ. ಹೋಗುತ್ತೇನೆ.

ರಮೋನಾ ಹೇಳಿದ ಇನ್ನೊಂದು ಮಾತನ್ನು ನಿನಗೆ ಹೇಳದೆ ಮುಗಿಸಲಾರೆ. ನಾವು ಇಳಿಜಾರು ಮುಟ್ಟುವ ಹೊತ್ತಿಗೆ ನಮಗಿಂತ ಬೇಗ ಎದ್ದವರು ಮೇಲೆ ಹೋಗಿರುತ್ತಾರಂತೆ. ಅವರು ಬೂಟಿನ ತುದಿಯಿಂದ ಹಿಮಕ್ಕೆ ಒದ್ದೊದ್ದು ಮೆಟ್ಟಿಲು ಮಾಡಿರುತ್ತಾರೆ. ಮಾಡಿದವರ ಬೆನ್ನು ಕೂಡ ನಮಗೆ ಕಾಣುವುದಿಲ್ಲ. ನಾವು ಸುಮ್ಮನೆ ಅದರಲ್ಲಿ ಕಾಲಿಡಬೇಕು. ಇಡುವಾಗ ನಮ್ಮದೂ ಒಂದು ಒದೆ ಒದೆಯಬೇಕು, ಹಿಂದೆ ಬರುವವರಿಗೆ ಇನ್ನಷ್ಟು ಆಳವಾಗಲಿ ಎಂದು.

ನಾಳೆ ಜೋರಾಗಿ ಒದೆಯುತ್ತೇನೆ ಅಕ್ಕಾ.

ಒಳಗಿನಿಂದ ಕೂಗು ಬಂತು, ಟಿಲ್ಡಾ ಎದ್ದಳು. ಅವಳಿಗೀಗ ಹಾಲಲ್ಲ, ಬೆಣ್ಣೆ ಸವರಿದ ರೊಟ್ಟಿ ಬೇಕು. ನಿನ್ನ ಮಗು ನಿನ್ನನ್ನು ಮೀರಿ ಎತ್ತರ ಬೆಳೆಯಲಿ. ನಿನ್ನ ಮನೆಯ ಗೋಡೆಯ ಮೇಲೂ ಬೆಳಗಿನ ಬಿಸಿಲು ಬೀಳುವವರೆಗೆ ನಿನಗೆ ನಿದ್ದೆ ಬರಲಿ.

ಇಂತಿ,
ಮಾರ್ನಿ
ಟಿಲ್ಡಾಳ ಅಮ್ಮ