ಅವ್ವನ ‘ಆರಾಮ’

ಗುಳೇದಗುಡ್ಡ
೧೨ ನವೆಂಬರ್ ೨೦೨೫, ಬುಧವಾರ

ಪ್ರೀತಿಯ ಗುರುಲಿಂಗವ್ವಕ್ಕಾ,

ಸೊಲ್ಲಾಪುರದ ನಿನ್ನ ಪಡಸಾಲೆಯಲ್ಲಿ ಈ ಕಾಗದ ಕೇಳಲು ಕೂಡಿರುವ ಸಭಿಕ ಮಹಾಜನರೇ, ಮುಂದಿನ ಸಾಲಿನ ಮಕ್ಕಳೇ, ಬಾಗಿಲ ಮರೆಯಲ್ಲಿ ನಿಂತ ನೆರೆಮನೆಯ ತಾಯಂದಿರೇ, ಗದ್ದಲ ಮಾಡದೆ ಕುಳಿತುಕೊಳ್ಳಿರಿ. ತಮ್ಮನ ಕಾಗದವನ್ನು ಅಕ್ಕ ಎಂದೂ ಒಬ್ಬಳೇ ಓದಿಕೊಂಡವಳಲ್ಲ ಎಂಬುದು ನನಗೆ ಗೊತ್ತು. ಅಕ್ಕಾ, ನಿನ್ನ ಮೊಣಕಾಲು ಹೇಗಿದೆ? ಮಾಮಾ ಅವರ ಕೆಮ್ಮು ಇಳಿಯಿತೇ? ನಾನು ಕ್ಷೇಮ. ಮಗ್ಗ ನಡೆದಿದೆ, ಕುಪ್ಪಸದ ಖಣಕ್ಕೆ ಗಿರಾಕಿ ಇದ್ದಾರೆ, ಜಾತ್ರೆಯ ನಾಟಕದಲ್ಲಿ ಈ ಸಲವೂ ರಾಜನ ಪಾತ್ರ ನನ್ನದೇ. ಆದರೆ ಪರದೆ ಎತ್ತಿದ್ದು ಅದಕ್ಕಲ್ಲ, ನಮ್ಮ ಅವ್ವನ ಸಲುವಾಗಿ.

ಹೋದ ತಿಂಗಳು ಬಾಗಲಕೋಟೆಯಿಂದ ಜಾಸ್ಮಿನ ಎಂಬ ಹುಡುಗಿ ಬಂದಿದ್ದಳು. ಸಕ್ಕರೆ ಬೇನೆಯವರ ಮನೆಮನೆಗೆ ಹೋಗಿ ಪ್ರಶ್ನೆ ಕೇಳಿ, ಉತ್ತರವನ್ನು ಮೊಬೈಲಿನಲ್ಲಿ ಒತ್ತಿಕೊಳ್ಳುವುದು ಅವಳ ನೌಕರಿ. “ರಕ್ತದಾಗಿನ ಸಕ್ಕರಿ ಎಷ್ಟಂತ ಮಷಿನ್ ಹೇಳತೈತ್ರಿ ಆಯೀ. ನಿಮಗ ಹೆಂಗ ಅನಸ್ತೈತಿ ಅನ್ನೋದನ್ನ ನೀವೇ ಹೇಳಬೇಕು” ಎಂದಳು. ಎಂಥ ಮಾತು ಅಕ್ಕಾ! ಇಷ್ಟು ವರ್ಷ ಗುಳಿಗೆ ನುಂಗಿದ ಅವ್ವನನ್ನು ಯಾರಾದರೂ ಹಾಗೆ ಕೇಳಿದ್ದರೇ? ಕಾಲಿನ ತಪಾಸಣೆ ಮಾಡುವ, ಹುಣ್ಣಿಗೆ ಪಟ್ಟಿ ಕಟ್ಟುವ ನರ್ಸಮ್ಮ ಇನ್ನು ಮುಂದೆ ವಾರಕ್ಕೊಮ್ಮೆ ಊರಿಗೇ ಬರುತ್ತಾಳಂತೆ. ಬಾದಾಮಿ, ಹುನಗುಂದ, ಇಳಕಲ್, ನಮ್ಮೂರು, ಎಲ್ಲ ಕಡೆಗೂ ಒಮ್ಮೆಲೇ ಆಗದು. ಎಲ್ಲಿಯ ಜನ ಹೆಚ್ಚು ಕಷ್ಟ ಹೇಳುತ್ತಾರೋ ಅಲ್ಲಿಗೇ ಮೊದಲು.

ನಮ್ಮ ಅವ್ವ ಏನು ಮಾಡಿದಳು? ಸೆರಗು ಸರಿಮಾಡಿಕೊಂಡು, ಹುಡುಗಿಯನ್ನು ಕುರ್ಚಿಯ ಮೇಲೆ ಕೂಡಿಸಿ, ಚಹಾ ಕೊಟ್ಟು, ಆಮೇಲೆ ಬಾಯಿ ತೆರೆದಳು. ಕಾಲು ಜೋಮು ಹಿಡಿಯುತ್ತದೆಯೇ? ಆರಾಮ. ಮುಂದೇನೋ ಎಂಬ ಅಂಜಿಕೆ ಇದೆಯೇ? ಆರಾಮ. ಡಾಕ್ಟರು ನಿಮ್ಮ ಮಾತು ಪೂರ್ತಿ ಕೇಳಿಸಿಕೊಳ್ಳುತ್ತಾರೆಯೇ? ಆರಾಮ, ಚಾ ಆರತೈತಿ ಕುಡಿಯವಾ. ನಾನು ಕುಣಿ ಮಗ್ಗದಿಂದ ಜಿಗಿದು ಮೇಲೆದ್ದು, ಎಲ್ಲಾ ಸುಳ್ಳು ಎಂದು ಗರ್ಜಿಸಿದೆ. ಅವ್ವ ತಿರುಗಿ ನೋಡಿ, “ನಾಟಕದಾಗ ಒದರು ಹೋಗು. ಬಂದವ್ರ ಮುಂದ ಬ್ಯಾನಿ ಹಾಡಬಾರದು” ಎಂದಳು. ಬೇನೆಯವರು ತಾವೇ ಹೇಳಬೇಕು, ಮಗ ಹೇಳಿದ್ದು ನಡೆಯುವುದಿಲ್ಲ ಎಂದು ಜಾಸ್ಮಿನಳೂ ಅಂದಳು. ರಾಜ ಅರಮನೆಯ ಕಂಬವಾಗಿ ನಿಂತ. ಗೋಡೆ ಹಿಡಿಯದೆ ನಾಲ್ಕು ಹೆಜ್ಜೆ ಇಡಲಾಗದ ಪಕ್ಕದ ಮನೆಯ ಬಾನುಬಿ ಚಾಚಿ ಕೂಡ ತನ್ನ ಮನೆಯಲ್ಲಿ ಭಾಳ ಆರಾಮ ಎಂದಳಂತೆ. ಇಡೀ ಓಣಿಗೆ ಅದೊಂದೇ ಮಾತು ಬಾಯಿಪಾಠ.

ಇಂದು ಮಧ್ಯಾಹ್ನ ಜಾಸ್ಮಿನ ಸಪ್ಪೆ ಮುಖ ಹೊತ್ತು ಮತ್ತೆ ಬಂದಳು. ನಾಲ್ಕೂ ಊರಲ್ಲಿ ನಾವೇ ಸುಖಿಗಳಂತೆ! ನರ್ಸಮ್ಮ ಇಳಕಲ್ಲಿಗೆ ಹೋಗುತ್ತಾಳೆ. ಇಳಕಲ್ಲಿನವರ ಮೇಲೆ ನನಗೆ ಸಿಟ್ಟಿಲ್ಲ, ಅವರು ಬಾಯಿಬಿಟ್ಟು ಹೇಳಿಕೊಂಡಿದ್ದಾರೆ. ಸಿಟ್ಟು ಯಾರ ಮೇಲೆ ಎಂಬುದೇ ತಿಳಿಯದೆ ಜಂತಿ ಅದುರುವಂತೆ ಕೂಗಾಡಿದೆ. ಆ ಹುಡುಗಿ ದಿಕ್ಕು ತೋಚದೆ, ಲಾಳಿಯೊಳಗೆ ಕೂಡುವ ಕಂಡಿಕಿಗೆ ನೂಲು ಸುತ್ತುತ್ತಿದ್ದ ಅವ್ವನ ರಾಟಿಯ ಪಕ್ಕ ನೆಲಕ್ಕೇ ಕುಳಿತುಬಿಟ್ಟಳು. ನೂಲು ಹರಿಯಿತು. ಹುಡುಗಿ ಎಳೆ ಹುಡುಕಿ ಹಿಡಿದುಕೊಟ್ಟಳು. ಅವ್ವ ಗಂಟು ಹಾಕಿ, ನೂಲಿನ ಇನ್ನೊಂದು ಲಡಿಯನ್ನು ಅವಳ ಕೈಗೇ ಕೊಟ್ಟಳು. ನಿನಗೆ ಗೊತ್ತಲ್ಲ, ರಾಟಿಯ ಹತ್ತಿರ ಕುಳಿತು ನೂಲಿಗೆ ಕೈ ಹಚ್ಚಿದವರು ನಮ್ಮಲ್ಲಿ ಬಂದವರಲ್ಲ, ಮನೆಯವರು. ತಲೆ ಎತ್ತದೆ ಅವ್ವ ತಾನಾಗಿಯೇ ಶುರುಮಾಡಿದಳು: “ಕಾಲ ಅದಾವೋ ಇಲ್ಲೋ ಅಂತ ಹಾಸಿಗ್ಯಾಗ ಮುಟ್ಟಿ ನೋಡ್ಕೋತೇನವಾ. ಡಾಕ್ಟರು ಚೀಟಿ ನೋಡ್ತಾರ, ನನ್ನ ಮಾರಿ ನೋಡಂಗಿಲ್ಲ. ಮಗಗ ಹೇಳಿದ್ರ ಓಣಿಗೆ ಕೇಳಂಗ ಅಳ್ತಾನ.”

ಮಗ್ಗದಲ್ಲಿದ್ದ ನಾನು ಲಾಳಿ ಕೆಳಗಿಟ್ಟೆ. ಜಾಸ್ಮಿನ ಎದ್ದು ಹೊರಟಾಗ ಹಿಂದೆ ಓಡಿ, ಇದನ್ನು ಬರೆದುಕೋ ತಾಯೀ ಎಂದೆ. “ಇನ್ನ ಬರಕೊಳ್ಳಾಕ ಬರಂಗಿಲ್ಲ ಕಾಕಾ. ಉತ್ತರಾ ಎಲ್ಲಾ ಕಳಿಸಿದ್ದು ಮುಗೀತು. ಮುಂದಿನ ವರ್ಷ ಮತ್ತ ಕೇಳ್ತೀವಿ” ಎಂದಳು, ಕಣ್ಣಲ್ಲಿ ನೀರು ತಂದುಕೊಂಡು. ಮುಂದಿನ ವರ್ಷವಂತೆ! ಕಾಲಿಗೆ ಪಂಚಾಂಗ ಓದಲು ಬರುತ್ತದೆಯೇ?

ಮಾಮಾ ಅವರಿಗೆ ಸಾಷ್ಟಾಂಗ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ. ಸಭೆ ಮುಗಿಯಿತು, ಎಲ್ಲರೂ ಏಳಬಹುದು.

ನಿನ್ನ ತಮ್ಮ
ಹಣಮಪ್ಪ

ತಾ.ಕ.: ಇದನ್ನು ಗಟ್ಟಿಯಾಗಿ ಓದಬೇಡ ಅಕ್ಕಾ. ಜಾಸ್ಮಿನ ಹೋದ ಮೇಲೆ ಅವ್ವನ ಕಾಲು ಹಿಡಿದು ನೋಡಿದೆ. ಎಡ ಹಿಮ್ಮಡಿಯಲ್ಲಿ ಕಡ್ಡಿಯ ಚೂರು ಮುರಿದು ಕುಳಿತಿದೆ, ಸುತ್ತಲೂ ಕಪ್ಪಾಗಿದೆ. ಯಾವಾಗ ಹೊಕ್ಕಿತು ಎಂದರೆ ಅವಳಿಗೆ ಗೊತ್ತೇ ಇಲ್ಲ. ನಿನಗೆ ಹೇಳಕೂಡದು ಎಂದು ಆಣೆ ಹಾಕಿಸಿಕೊಂಡಿದ್ದಾಳೆ. ಫೋನು ಮಾಡಿದರೆ ನನ್ನ ಈ ಕಂಠ ಅವಳಿಗೆ ಕೇಳಿಸದೆ ಇರುತ್ತದೆಯೇ? ಕಾಗದ ಮುಟ್ಟಿದ ಕೂಡಲೇ ಹೊರಟು ಬಾ. ನಾಳೆ ಮುಂಜಾನೆ ಮೊದಲ ಬಸ್ಸಿಗೇ ಅವಳನ್ನು ಬಾಗಲಕೋಟೆಯ ದವಾಖಾನೆಗೆ ಕರೆದೊಯ್ಯುತ್ತೇನೆ. ಡಾಕ್ಟರ ಮುಂದೆಯೂ ಆರಾಮ ಎಂದಾಳು, ಅದಕ್ಕೆ ರಾಟಿಯನ್ನೂ ಹೆಗಲ ಮೇಲೆ ಹೊತ್ತು ಹೋಗುತ್ತೇನೆ. ಅವರ ಕೋಣೆಯ ನೆಲದ ಮೇಲೆ ಅದನ್ನಿಟ್ಟು, ಡಾಕ್ಟರ ಕೈಗೆ ಒಂದು ಲಡಿ ಕೊಟ್ಟು, ನಾನು ಬಾಯಿ ಮುಚ್ಚಿಕೊಂಡು ಹೊರಗೆ ನಿಲ್ಲುತ್ತೇನೆ.