ಬೇವಿನ ಬುಡದ ಖಾಲಿ ಜಾಗ

ಕಾಳಗಿ
ಮೇ ೧೨

ಮಾಣಿಕಪ್ಪ ಕಾಕಾ ಅವರಿಗೆ, ನಿಮ್ಮ ಮೇಲಿನ ಮನೆಯ ಬಾಡಿಗೆದಾರಳು ಮಾಡುವ ಶರಣು.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀವು ಸ್ಪೀಕರ್ ಹಾಕಿ ಮಾತಾಡೋರು. ಇದು ಶಹಾಬಾದಿನ ಇಡೀ ಓಣಿ ಕೇಳುವ ಮಾತಲ್ಲ.

ನಾನು ರಜೆಗೆ ಊರಿಗೆ ಹೊರಟ ದಿನ ಗೇಟಿನ ಮುಂದೆ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಇಳಿಸಿದ್ದು ನೋಡಿದೆ. ಕಾಲು ಮುರಿದುಕೊಂಡು ವಾಡಿಯಲ್ಲಿ ಮಗಳ ಮನೆಯಲ್ಲಿರುವ ಪೀರಮ್ಮ ಕಾಕಿ, ತಿರುಗಿ ಬಂದ ಮೇಲೆ ಹಿತ್ತಲ ಕೆಸರಿನಲ್ಲಿ ಮತ್ತೆ ಜಾರಬಾರದು ಅಂತ ತಾನೆ? ನಿಮ್ಮೂರ ಗಂಡಸರು ಪ್ರೀತಿಯನ್ನೂ ಕಲ್ಲಿನಲ್ಲೇ ಹಾಸುತ್ತಾರೆ.

ಆದರೆ ಹಿತ್ತಲ ಬೇವಿನ ಬುಡದ ಜಾಗ ನೀವು ಅಂದುಕೊಂಡಂತೆ ಖಾಲಿ ಇಲ್ಲ. ಸಂಕ್ರಾಂತಿಗೆ ಕಾಕಿ ಚಿಂಚೋಳಿಯ ತವರಿನಿಂದ ತಂದ ಕಾಡರಿಶಿಣದ ಗಡ್ಡೆ ಅಲ್ಲಿ ಮಲಗಿವೆ. ಮೊದಲ ಮಳೆಗೆ ನೆಲದಿಂದ ಗುಲಾಬಿ ಬಣ್ಣದ ಹೂ ಏಳುತ್ತವೆ. “ಈಗ ಹೇಳಿದ್ರ ಬರೇ ಮಣ್ಣು ಕಾಯಾಕತ್ತಾಳ ಅಂತ ನಗತಾರವ್ವ, ಹೂ ಎದ್ದ ಮ್ಯಾಲ ತೋರಿಸ್ತೀನಿ” ಅಂತ ಕಾಕಿ ನಿಮ್ಮ ಬಗ್ಗೆ ನನಗೆ ಅಂದಿದ್ದರು.

ಕಿತ್ತು ಬೇರೆ ಕಡೆ ನೆಡಬ್ಯಾಡ್ರಿ. ಅದಕ್ಕೆ ನೆರಳು ಬೇಕು, ನಿಮ್ಮ ಹಿತ್ತಲಲ್ಲಿ ನೆರಳು ಅದೊಂದೇ ಕಡೆ. ದಾರಿಗೆಲ್ಲ ಫರ್ಸಿ ಹಾಸ್ರಿ, ಬುಡದಲ್ಲಿ ನಾಲ್ಕು ಕಲ್ಲಿನಷ್ಟು ಜಾಗ ಹಾಸದೆ ಬಿಡ್ರಿ. ಮಳೆ ಬರೋತನಕ ನೀರು ಹಾಕಬ್ಯಾಡ್ರಿ, ಗಡ್ಡೆ ಕೊಳೆಯುತ್ತವೆ. ಕಾಕಿ ಕೇಳಿದರೆ ಕಲ್ಲು ಕಡಿಮೆ ಬಿತ್ತು ಅನ್ರಿ. ಕಲ್ಲುಗಣಿಗಳ ಶಹಾಬಾದಿನಲ್ಲಿ ಕಲ್ಲು ಕಡಿಮೆ ಬಿತ್ತು ಅಂದರೆ ಯಾರೂ ನಂಬುವುದಿಲ್ಲ, ಆದರೆ ಕಾಕಿ ನಿಮ್ಮ ಮಾತು ನಂಬುತ್ತಾರೆ.

ಹೂ ಎದ್ದ ದಿನ ಅವರು ನಿಮ್ಮ ಕೈಹಿಡಿದು ತೋರಿಸಿದಾಗ, ಏನೂ ಗೊತ್ತಿಲ್ಲದವರ ಹಾಗೆ ಬೆರಗಾಗ್ರಿ. ನಿಮಗೆ ಅದು ಸುಲಭಕ್ಕೆ ಬರುವಂಥದ್ದಲ್ಲ; ಕನ್ನಡಿ ಮುಂದೆ ಈಗಿಂದಲೇ ರೂಢಿ ಮಾಡ್ರಿ.

ಗುಟ್ಟು ಕಾಯಲಾರದ,
ಕರುಣಾ